ಡಾ॥ ದೌಲತ್ ಸಿಂಗ್ ಕೊಠಾರಿಯವರ ಜೀವನ

ನಮ್ಮ ಗುಮಾಸ್ತ ಬಂಧುಗಳಲ್ಲಿ ಅನೇಕರು ಬಸ್ಸಿನಲ್ಲಿಯೋ ಮೆಟ್ರೋದಲ್ಲಿಯೋ ದಿನವೂ ಹಾದುಹೋಗುವ ಮೂರು ಕಟ್ಟಡಗಳು ಈ ರಾಜಧಾನಿಯಲ್ಲಿವೆ. ಬಹಾದೂರ್ ಷಾ ಜಫರ್ ಮಾರ್ಗದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಒಂದು. ಷಹಜಹಾನ್ ರಸ್ತೆಯ ಧೋಲ್‌ಪುರ್ ಹೌಸಿನಲ್ಲಿರುವ ಕೇಂದ್ರ ಲೋಕಸೇವಾ ಆಯೋಗವು ಇನ್ನೊಂದು. ರಾಜಾಜಿ ಮಾರ್ಗದ ರಕ್ಷಣಾ ಸಂಶೋಧನಾ ಸಂಸ್ಥೆಯ ಭವನವು ಮೂರನೆಯದು. ಈ ಮೂರು ಕಡೆಗಳಲ್ಲಿಯೂ ಒಬ್ಬನೇ ವ್ಯಕ್ತಿಯ ಕೈವಾಡವು ಆಳವಾಗಿ ಇದ್ದಿತೆಂಬುದನ್ನು ಬಲ್ಲವರು ಕಡಿಮೆ. ಆ ವ್ಯಕ್ತಿಯು ಮೂಲತಃ ಅಧಿಕಾರಿಯೂ ಅಲ್ಲ, ರಾಜಕಾರಣಿಯೂ ಅಲ್ಲ. ಗೋಡೆಗಳ ನಡುವೆ ಸಿಕ್ಕಿಬಿದ್ದ ಕಣವೊಂದು ಎಷ್ಟು ಶಕ್ತಿಯಿಂದ ಕಂಪಿಸುವುದೆಂಬ ಲೆಕ್ಕವನ್ನು ಕಾಗದದ ಮೇಲೆ ಬಿಡಿಸುತ್ತಿದ್ದ ಭೌತಶಾಸ್ತ್ರದ ಉಪಾಧ್ಯಾಯನೆಂಬುದನ್ನು ಬಲ್ಲವರು ಇನ್ನೂ ಕಡಿಮೆ. ಅವರೇ ಡಾ॥ ದೌಲತ್ ಸಿಂಗ್ ಕೊಠಾರಿಯವರು.

ಇವರು 1906ನೆಯ ಇಸವಿ ಜುಲೈ 6ರಂದು ರಾಜಸ್ಥಾನದ ಉದಯಪುರದಲ್ಲಿ ಜೈನ ಮನೆತನದಲ್ಲಿ ಜನಿಸಿದರು. ತಂದೆ ಶಾಲೆಯ ಉಪಾಧ್ಯಾಯರು. ಮನೆಯಲ್ಲಿ ಹಣವಿರಲಿಲ್ಲ, ಓದಿನ ಗೌರವವಿದ್ದಿತು. 1918ರಲ್ಲಿ ದೇಶವನ್ನು ಹಬ್ಬಿದ ಸಾಂಕ್ರಾಮಿಕ ರೋಗದ ಕಾಲದಲ್ಲಿ ತಂದೆ ತೀರಿಕೊಂಡರು. ಹನ್ನೆರಡು ವರ್ಷದ ಹುಡುಗನೇ ಮನೆಗೆ ಹಿರಿಯ ಮಗ. ನಮ್ಮ ಹೋಟೆಲುಗಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ತಟ್ಟೆ ತೊಳೆಯಲು ಬಂದವರ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಕೊಠಾರಿಯವರ ಕಥೆ ಬೇರೆ ದಾರಿ ಹಿಡಿಯಲು ಕಾರಣ, ಕೈಹಿಡಿದವರಿದ್ದುದು. ಇಂದೂರು ಸಂಸ್ಥಾನದಲ್ಲಿ ಉನ್ನತ ಹುದ್ದೆಯಲ್ಲಿದ್ದ ಸಿರೇಮಲ್ ಬಾಪ್ನಾ ಅವರು ಸ್ನೇಹಿತನ ಮಗನನ್ನು ತಮ್ಮ ಬಳಿ ಇರಿಸಿಕೊಂಡು ಓದಿಸಿದರು. ಮುಂದೆ ಮೇವಾಡದ ಮಹಾರಾಣರು ವಿದ್ಯಾರ್ಥಿವೇತನವನ್ನು ಕೊಟ್ಟು ಅಲಹಾಬಾದಿಗೆ ಕಳುಹಿಸಿದರು. ಈ ಎರಡು ಉಪಕಾರಗಳು ಒದಗದಿದ್ದರೆ ನಾವು ಇಂದು ಈ ಲೇಖನವನ್ನು ಬರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಅಲಹಾಬಾದಿನಲ್ಲಿ ಅವರಿಗೆ ದೊರೆತ ಗುರುಗಳು ಮೇಘನಾದ ಸಾಹಾ. ಪೂರ್ವ ಬಂಗಾಳದ ಹಳ್ಳಿಯೊಂದರ ಬಡ ಅಂಗಡಿಯವನ ಮಗನಾಗಿ ಹುಟ್ಟಿದ ಸಾಹಾ ಅವರು 1920ರಲ್ಲಿ ಒಂದು ಸೂತ್ರವನ್ನು ಕಂಡುಹಿಡಿದು ಜಗತ್ತಿನ ಖಗೋಳಜ್ಞರ ಗಮನ ಸೆಳೆದಿದ್ದರು. ಪರಮಾಣುವಿನ ಸುತ್ತ ಎಲೆಕ್ಟ್ರಾನುಗಳೆಂಬ ಅತಿಸೂಕ್ಷ್ಮ ಕಣಗಳಿರುವುವಷ್ಟೆ. ತಾರೆಯ ಒಳಗಿನ ಉಷ್ಣವು ಹೆಚ್ಚಿದಂತೆ ಆ ಕಣಗಳು ಪರಮಾಣುವನ್ನು ಬಿಟ್ಟು ಸಿಡಿಯುತ್ತವೆ. ಯಾವ ಉಷ್ಣದಲ್ಲಿ ಎಷ್ಟು ಪಾಲು ಸಿಡಿಯುವುದೆಂಬುದನ್ನು ಸಾಹಾ ಅವರ ಸೂತ್ರವು ತಿಳಿಸುತ್ತದೆ. ತಾರೆಗಳ ಬೆಳಕನ್ನು ನೋಡಿ ಅವುಗಳ ಉಷ್ಣವನ್ನು ಹೇಳುವ ವಿದ್ಯೆಗೆ ಇದು ಬುನಾದಿಯಾಯಿತು. ಇಂಥವರ ಬಳಿ ಕೊಠಾರಿಯವರು 1928ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. 1930ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೊರಟರು.

ಆಗಿನ ಕೇಂಬ್ರಿಜ್ ಭೌತವಿಜ್ಞಾನಕ್ಕೆ ತವರುಮನೆಯಂತಿದ್ದಿತು. ಪರಮಾಣುವಿನ ಬೀಜವನ್ನು ಕಂಡ ರುದರ್‌ಫರ್ಡ್ ಅಲ್ಲಿದ್ದರು. ಶ್ವೇತಕುಬ್ಜಗಳೆಂಬ ವಿಚಿತ್ರ ತಾರೆಗಳ ಗುಟ್ಟನ್ನು 1926ರಲ್ಲಿ ಬಿಡಿಸಿದ್ದ ಫೌಲರ್ ಅಲ್ಲಿದ್ದರು. ಮದ್ರಾಸಿನಿಂದ ಹೋದ ಚಂದ್ರಶೇಖರ್ ಎಂಬ ತರುಣರೂ ಅದೇ 1930ರಲ್ಲಿ ಅಲ್ಲಿಗೆ ಬಂದಿದ್ದರು. ಕೊಠಾರಿಯವರು ಫೌಲರ್ ಅವರ ಪ್ರಭಾವಕ್ಕೆ ಒಳಗಾದರು. ಈ ಶ್ವೇತಕುಬ್ಜಗಳ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮುಂದೆ ದೆಹಲಿಯಲ್ಲಿ ಅವರು ಬಿಡಿಸಿದ ಲೆಕ್ಕಗಳೆಲ್ಲ ಇಲ್ಲಿಂದ ಹುಟ್ಟಿದವು.

ಆಕಾಶದ ಅತ್ಯಂತ ಪ್ರಕಾಶಮಾನವಾದ ತಾರೆ ಲುಬ್ಧಕ. ಅದಕ್ಕೊಂದು ಸಣ್ಣ ಜೊತೆಗಾರ ತಾರೆಯುಂಟು. ಆ ಜೊತೆಗಾರನ ತೂಕ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟು, ಗಾತ್ರ ಮಾತ್ರ ನಮ್ಮ ಭೂಮಿಯಷ್ಟು. ಅಲ್ಲಿಂದ ಒಂದು ಚಹಾ ಚಮಚೆಯಷ್ಟು ದ್ರವ್ಯವನ್ನು ತಂದರೆ ಅದನ್ನೆತ್ತಲು ಲಾರಿಯೂ ಸಾಲದು; ಹಲವು ಟನ್ನು ತೂಗುತ್ತದೆ. ಉರಿದು ಮುಗಿದ ತಾರೆಯು ತನ್ನ ಭಾರಕ್ಕೆ ತಾನೇ ಕುಸಿದು ಈ ಸ್ಥಿತಿಗೆ ಬಂದಿರುತ್ತದೆ. ಹಾಗಾದರೆ ಅದು ಇನ್ನೂ ಏಕೆ ಕುಸಿಯುವುದಿಲ್ಲ? ಅದನ್ನು ಒಳಗಿನಿಂದ ಎತ್ತಿ ಹಿಡಿದಿರುವುದು ಯಾವುದು?

ಉತ್ತರವು ಕ್ವಾಂಟಂ ವಾದದಲ್ಲಿದೆ. 1926ರಲ್ಲಿ ಷ್ರೋಡಿಂಗರ್ ಎಂಬ ಆಸ್ಟ್ರಿಯದ ವಿಜ್ಞಾನಿ ಒಂದು ಸಮೀಕರಣವನ್ನು ಕೊಟ್ಟರು. ಎಲೆಕ್ಟ್ರಾನು ಕಲ್ಲಿನ ಹರಳಿನಂತೆ ಒಂದೆಡೆ ಕುಳಿತಿರುವ ವಸ್ತುವಲ್ಲ, ಅಲೆಯ ರೀತಿಯಲ್ಲಿ ಹರಡಿರುವುದು ಎಂಬುದೇ ಅದರ ತಿರುಳು. ವೀಣೆಯ ತಂತಿಯನ್ನು ಎರಡು ಕಡೆ ಬಿಗಿದಾಗ ಅದು ತನಗೆ ಒಪ್ಪುವ ಸ್ವರಗಳನ್ನೇ ಹೊರಡಿಸುತ್ತದೆ, ನಡುವಿನ ಸ್ವರಗಳನ್ನಲ್ಲ. ಅದೇ ರೀತಿ ಎರಡು ಗೋಡೆಗಳ ನಡುವಿನ ಎಲೆಕ್ಟ್ರಾನಿಗೆ ಶಕ್ತಿಯ ಕೆಲವು ಮೆಟ್ಟಿಲುಗಳು ಮಾತ್ರ ಉಂಟು. ಮೆಟ್ಟಿಲಿನ ಮೇಲೆ ನಿಲ್ಲಬಹುದು, ನಡುವೆ ನಿಲ್ಲಲಾಗದು. ತಂತಿಯನ್ನು ಗಿಡ್ಡ ಮಾಡಿದರೆ ಸ್ವರ ಏರುತ್ತದೆ. ಎಲೆಕ್ಟ್ರಾನಿನ ಗೋಡೆಗಳನ್ನು ಹತ್ತಿರ ತಂದರೆ ಅದರ ಶಕ್ತಿಯೂ ಏರುತ್ತದೆ, ಅದೂ ಬಹಳ ವೇಗವಾಗಿ. ಸ್ಥಳವು ಅರ್ಧವಾದರೆ ಶಕ್ತಿಯು ನಾಲ್ಕು ಪಟ್ಟು. ಮೂರನೆಯ ಒಂದು ಪಾಲಾದರೆ ಒಂಬತ್ತು ಪಟ್ಟು.

ನಾವು ದೆಹಲಿಗೆ ಬಂದ ಹೊಸತರಲ್ಲಿ ಹೋಟೆಲೊಂದರ ಅಡಿಗೆಮನೆಯ ಮೇಲಿನ ಕೋಣೆಯಲ್ಲಿ ಹನ್ನೊಂದು ಜನ ಮಲಗುತ್ತಿದ್ದೆವು. ಭಟ್ಟರು ಒಬ್ಬರು ಮಗ್ಗುಲು ಬದಲಿಸಿದರೆ ಗೋಡೆಯ ಬದಿಯ ಮಾಣಿಗೆ ಎಚ್ಚರವಾಗುತ್ತಿದ್ದಿತು. ಇಕ್ಕಟ್ಟಿನಲ್ಲಿ ನೆಮ್ಮದಿಯಿಲ್ಲವೆಂಬುದು ನಮಗೆ ಅನುಭವದಿಂದ ಗೊತ್ತು. ಎಲೆಕ್ಟ್ರಾನುಗಳ ಇಕ್ಕಟ್ಟು ಇನ್ನೂ ಕಠಿಣವಾದುದು, ಏಕೆಂದರೆ ಒಂದು ಮೆಟ್ಟಿಲಿನಲ್ಲಿ ಎರಡಕ್ಕಿಂತ ಹೆಚ್ಚು ನಿಲ್ಲಕೂಡದೆಂಬ ಕಟ್ಟಳೆಯುಂಟು. ಕೆಳಗಿನ ಮೆಟ್ಟಿಲುಗಳು ತುಂಬಿದ ಮೇಲೆ ಉಳಿದವು ಮೇಲೇರಲೇಬೇಕು. ಹೀಗೆ ಮೇಲೇರಿದ ಎಲೆಕ್ಟ್ರಾನುಗಳು ಹೊರಕ್ಕೆ ಒತ್ತುವ ಒತ್ತಡವೇ ಶ್ವೇತಕುಬ್ಜವನ್ನು ಎತ್ತಿ ಹಿಡಿದಿದೆ. ಅದಕ್ಕೆ ಬೆಂಕಿ ಬೇಕಿಲ್ಲ, ಇಕ್ಕಟ್ಟೇ ಸಾಕು.

1933ರಲ್ಲಿ ಡಾಕ್ಟರ್ ಪದವಿಯೊಡನೆ ಹಿಂದಿರುಗಿದ ಕೊಠಾರಿಯವರು 1934ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ಆಗ ಆ ವಿಶ್ವವಿದ್ಯಾಲಯಕ್ಕೆ ಹನ್ನೆರಡು ವರ್ಷ ವಯಸ್ಸು. ವೈಸರಾಯರು ಬಿಟ್ಟುಹೋದ ಹಳೆಯ ಬಂಗಲೆಯು ಅದರ ಕೈಗೆ ಬಂದು ವರ್ಷವಷ್ಟೇ ಆಗಿದ್ದಿತು. ಕಲ್ಕತ್ತೆ ಮತ್ತು ಅಲಹಾಬಾದುಗಳ ಹೆಸರಿನ ಮುಂದೆ ದೆಹಲಿಯ ಹೆಸರನ್ನು ವಿಜ್ಞಾನದಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಂಥ ಕಡೆ ಕೊಠಾರಿಯವರು ತಮ್ಮ ಜೀವಮಾನದ ಉತ್ತಮ ಸಂಶೋಧನೆಗಳನ್ನು ಮಾಡಿದರು. ದೊಡ್ಡ ಯಂತ್ರಗಳು ಬೇಕಾಗದ ವಿದ್ಯೆಯಾದುದರಿಂದ ಅದು ಸಾಧ್ಯವಾಯಿತೆಂದು ನಮ್ಮ ಅಭಿಪ್ರಾಯ. ಅವರಿಗೆ ಬೇಕಾದುದು ಕಾಗದ, ಲೇಖನಿ ಮತ್ತು ಮಾತನಾಡಲು ನಾಲ್ಕು ಜನ.

(ಅದೇ 1935-36ರ ಚಳಿಗಾಲದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಈ ವಿದ್ಯೆಯ ಗಾಳಿ ಬೀಸಿದ್ದಿತು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಎಂಬ ಕ್ವಾಂಟಂ ವಿಜ್ಞಾನಿಯನ್ನು ಸರ್ ಸಿ. ವಿ. ರಾಮನ್ನರು ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡಿದ್ದರು. ಅವರನ್ನು ಅಲ್ಲಿ ಉಳಿಸಿಕೊಳ್ಳಲಾಗಲಿಲ್ಲ. ಮುಂದೆ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದು ಬೇರೆಯೇ ಕಥೆ.)

ದೆಹಲಿಯಲ್ಲಿ ಕೊಠಾರಿಯವರು ತಮ್ಮ ಗುರುವಿನ ಮಾತಿಗೆ ಒಂದು ಮಾತನ್ನು ಜೋಡಿಸಿದರು. ಉಷ್ಣದಿಂದ ಎಲೆಕ್ಟ್ರಾನುಗಳು ಪರಮಾಣುವನ್ನು ಬಿಡುತ್ತವೆ ಎಂದು ಸಾಹಾ ತೋರಿಸಿದ್ದರು. ಉಷ್ಣವಿಲ್ಲದಿದ್ದರೂ ಒತ್ತಡವೊಂದರಿಂದಲೇ ಅವು ಬಿಟ್ಟುಹೋಗುತ್ತವೆ ಎಂದು ಶಿಷ್ಯರು ತೋರಿಸಿದರು. ಪರಮಾಣುಗಳನ್ನು ಒಂದರ ಮೇಲೊಂದು ಒತ್ತಿ ಹಿಂಡಿದಾಗ, ಒಂದು ಹಂತದ ಮೇಲೆ ಯಾವ ಎಲೆಕ್ಟ್ರಾನು ಯಾವ ಪರಮಾಣುವಿನದೆಂಬ ಲೆಕ್ಕವೇ ಉಳಿಯುವುದಿಲ್ಲ. ಈ ತತ್ತ್ವವನ್ನು ಅವರು ತಾರೆಗಳಿಗೆ ಮಾತ್ರವಲ್ಲದೆ ಗ್ರಹಗಳಿಗೂ ಅನ್ವಯಿಸಿದರು. ಅದರಿಂದ ಹೊರಟ ಫಲಿತಾಂಶವು ಎಷ್ಟು ಸರಳವೋ ಅಷ್ಟೇ ಆಶ್ಚರ್ಯಕರ. ತಣ್ಣಗಿರುವ ಯಾವ ಕಾಯವೂ ಗುರುಗ್ರಹಕ್ಕಿಂತ ಬಹಳ ದೊಡ್ಡದಾಗಲಾರದು! ಅದಕ್ಕೆ ಇನ್ನಷ್ಟು ದ್ರವ್ಯವನ್ನು ಸುರಿದರೆ ಅದು ಉಬ್ಬುವುದಿಲ್ಲ. ಒಳಗೆ ಪರಮಾಣುಗಳು ಹಿಂಡಿಹೋಗಿ ಕುಗ್ಗಲು ಪ್ರಾರಂಭಿಸುತ್ತದೆ. 1936ರಿಂದ 1938ರ ವರೆಗೆ ಈ ಲೇಖನಗಳು ಲಂಡನ್ನಿನ ರಾಯಲ್ ಖಗೋಳ ಸಂಘ ಮತ್ತು ರಾಯಲ್ ಸೊಸೈಟಿಗಳ ಪತ್ರಿಕೆಗಳಲ್ಲಿ ಪ್ರಕಟವಾದವು.

ಇನ್ನು ಗೋಡೆಗಳ ಲೆಕ್ಕಕ್ಕೆ ಬರೋಣ. ಕ್ವಾಂಟಂ ವಾದದ ಸಮೀಕರಣವನ್ನು ಬರೆಯುವುದು ಸುಲಭ, ಬಿಡಿಸುವುದು ಕಷ್ಟ. ಪೂರ್ತಿಯಾಗಿ, ಚೂರೂ ಉಳಿಯದಂತೆ ಬಿಡಿಸಲು ಬರುವ ಸಮಸ್ಯೆಗಳು ಬೆರಳೆಣಿಕೆಯಷ್ಟು. ಉಳಿದವಕ್ಕೆಲ್ಲ ಅಂದಾಜೇ ಗತಿ. ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಿಳಿದೇ ಇರುತ್ತದೆ. ರಾತ್ರಿ ಬಾಗಿಲು ಹಾಕುವಾಗ ಸುಮಾರು ಇಷ್ಟು ಬಂದಿರಬಹುದು ಎನ್ನುವುದು ಬೇರೆ, ಪೈಸೆಗೆ ಪೈಸೆ ತಾಳೆ ಬೀಳುವುದು ಬೇರೆ. ತಾಳೆ ಬಿದ್ದ ಲೆಕ್ಕವೊಂದಿದ್ದರೆ ಅಂದಾಜಿನ ಲೆಕ್ಕಗಳನ್ನು ಅದಕ್ಕೆ ಒರೆಹಚ್ಚಿ ನೋಡಬಹುದು. ನಿಷ್ಕೃಷ್ಟವಾಗಿ ಬಿಡಿಸಿದ ಸಮಸ್ಯೆಗಳಿಗೆ ವಿಜ್ಞಾನಿಗಳು ಬೆಲೆ ಕೊಡುವುದು ಇದರಿಂದಲೇ.

ಹೀಗೆ ಪೂರ್ತಿ ಬಿಡಿಸಬಹುದಾದವುಗಳಲ್ಲಿ ಒಂದು, ಸ್ಪ್ರಿಂಗಿಗೆ ಕಟ್ಟಿದಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುವ ಕಣದ ಸಮಸ್ಯೆ. ಇದಕ್ಕೆ ಆಂದೋಲಕವೆಂದು ಹೆಸರು. ಅದರ ಮೆಟ್ಟಿಲುಗಳು ಸಮಾನ ಅಂತರದವು: ಅರ್ಧ, ಒಂದೂವರೆ, ಎರಡೂವರೆ, ಮೂರೂವರೆ, ಹೀಗೆ. ಆದರೆ ಈ ಲೆಕ್ಕದಲ್ಲಿ ಕಣಕ್ಕೆ ಎರಡೂ ಕಡೆ ಬೇಕಾದಷ್ಟು ಬಯಲಿರಬೇಕು. ಶ್ವೇತಕುಬ್ಜದ ಒಳಗೆ ಬಯಲೆಲ್ಲಿ? ತೂಗಾಡುವ ಕಣದ ಎರಡು ಬದಿಗೂ ಗೋಡೆ ಎಬ್ಬಿಸಿದರೆ ಮೆಟ್ಟಿಲುಗಳು ಏನಾಗುತ್ತವೆ ಎಂಬ ಪ್ರಶ್ನೆಯನ್ನು ಕೊಠಾರಿಯವರೂ ಫಕೀರ್ ಚಂದ್ ಔಲುಕ್ ಎಂಬ ಗಣಿತಜ್ಞರೂ ಕೈಗೆತ್ತಿಕೊಂಡರು. ಇವರಿಬ್ಬರ ಲೇಖನವು 1945ರಲ್ಲಿ ಕೇಂಬ್ರಿಜ್ ತತ್ತ್ವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಂದಿತು. ಮಹಾಯುದ್ಧವು ಆ ವರ್ಷವೇ ಮುಗಿಯಿತು.

ಗೋಡೆಗಳು ಬಹಳ ದೂರವಿದ್ದಾಗ ಕಣಕ್ಕೆ ಅವುಗಳ ಪರಿವೆಯೇ ಇಲ್ಲ. ಹಳೆಯ ಮೆಟ್ಟಿಲುಗಳೇ ಉಳಿಯುತ್ತವೆ. ಹತ್ತಿರ ಬಂದಂತೆ ಮೆಟ್ಟಿಲುಗಳು ಮೇಲೇರುತ್ತವೆ. ತೀರ ಹತ್ತಿರವಾದಾಗ ಸ್ಪ್ರಿಂಗಿನ ಎಳೆತ ಲೆಕ್ಕಕ್ಕೇ ಬಾರದೆ ಗೋಡೆಗಳ ಒತ್ತೇ ಎಲ್ಲವೂ ಆಗುತ್ತದೆ. ಈ ಎರಡು ಕೊನೆಗಳ ನಡುವೆ ಕೆಲವು ಕಡೆ ಉತ್ತರವು ಪೈಸೆಗೆ ಪೈಸೆ ತಾಳೆ ಬೀಳುವುದುಂಟು. ಒಂದೇ ಗೋಡೆಯನ್ನು ಸರಿಯಾಗಿ ನಡುವೆ ನಿಲ್ಲಿಸಿದರೆ ಅತಿ ಕೆಳಗಿನ ಮೆಟ್ಟಿಲು ಅರ್ಧದಿಂದ ಒಂದೂವರೆಗೆ ಏರುತ್ತದೆ. ಎರಡು ಗೋಡೆಗಳನ್ನು ಇಬ್ಬದಿಗೂ ಸಮದೂರದಲ್ಲಿ, ಗಣಿತವು ಹೇಳುವ ಒಂದು ನಿರ್ದಿಷ್ಟ ಸ್ಥಾನದಲ್ಲಿ ನಿಲ್ಲಿಸಿದರೆ ಅದು ಎರಡೂವರೆಗೆ ಏರುತ್ತದೆ, ಎಂದರೆ ಐದು ಪಟ್ಟು.

ಇದುವರೆಗೆ ಹೇಳಿದುದು ಒಂದು ಗೆರೆಯ ಮೇಲಿನ ಚಲನೆ. ಕಣವು ಮೇಜಿನಂಥ ಸಮತಲದಲ್ಲಿ ಉದ್ದಗಲಕ್ಕೂ ಚಲಿಸುವುದಾದರೆ? ಆಗ ಅದು ವೀಣೆಯ ತಂತಿಯಲ್ಲ, ಮೃದಂಗದ ಚರ್ಮ. ಸಮತಲದ ಸಮಸ್ಯೆಗಳಲ್ಲಿ ಬಹುಪಾಲು ಪೂರ್ತಿಯಾಗಿ ಬಿಡಿಸಲಾಗದವು. ಆದರೆ ಆವರಣವು ಚೌಕವಾಗಿದ್ದರೆ ಒಂದು ಅನುಕೂಲವುಂಟು. ಉದ್ದದ ಲೆಕ್ಕವನ್ನು ಬೇರೆ, ಅಗಲದ ಲೆಕ್ಕವನ್ನು ಬೇರೆ ಮಾಡಿ ಕೊನೆಗೆ ಕೂಡಿಸಬಹುದು. ಗೋಡೆಯ ನಡುವಿನ ಆಂದೋಲಕವನ್ನು ಒಂದು ಗೆರೆಯ ಮೇಲೆ ಬಿಡಿಸಿದವನು ಚೌಕದಲ್ಲಿಯೂ ಬಿಡಿಸಿದಂತೆಯೇ. ಆಗ ಹೊಸದೊಂದು ಸೊಗಸು ಹುಟ್ಟುತ್ತದೆ. ಒಂದೇ ಮೆಟ್ಟಿಲಿಗೆ ಹಲವು ದಾರಿಗಳು ಬರುತ್ತವೆ. ಸ್ಪ್ರಿಂಗಿಲ್ಲದ ಬರಿಯ ಚೌಕದ ಪೆಟ್ಟಿಗೆಯಲ್ಲಿ ಶಕ್ತಿಯು ಎರಡು ವರ್ಗಸಂಖ್ಯೆಗಳ ಮೊತ್ತದಂತೆ ಬರುತ್ತದೆ. ಒಂದು ಮತ್ತು ನಾಲ್ಕು ಸೇರಿ ಐದು. ನಾಲ್ಕು ಮತ್ತು ಒಂದು ಸೇರಿದರೂ ಐದು. ಐವತ್ತಕ್ಕೆ ಬಂದರೆ ಮೂರು ದಾರಿಗಳು: 1 ಮತ್ತು 49, 49 ಮತ್ತು 1, 25 ಮತ್ತು 25. ಭೌತವಿಜ್ಞಾನವು ಇಲ್ಲಿ ಸದ್ದಿಲ್ಲದೆ ಅಂಕಗಣಿತವಾಗಿಬಿಡುತ್ತದೆ.

ಕೊಠಾರಿ-ಔಲುಕ್ ಜೋಡಿಯು ಈ ದಾರಿಗಳ ಎಣಿಕೆಯನ್ನೇ ಹಿಡಿದು ಮರುವರ್ಷ, 1946ರಲ್ಲಿ, ಇನ್ನೊಂದು ಲೇಖನವನ್ನು ಪ್ರಕಟಿಸಿತು. ಇದನ್ನು ನಮ್ಮ ಓದುಗರಿಗೆ ಇಡ್ಲಿಯ ಮೂಲಕ ಹೇಳುವುದೇ ಸರಿ. ಐದು ಇಡ್ಲಿಗಳಿವೆ, ತಟ್ಟೆಗಳೆಲ್ಲ ಒಂದೇ ತರಹದವು, ಎಷ್ಟು ಬೇಕಾದರೂ ಇವೆ. ಎಷ್ಟು ವಿಧವಾಗಿ ಬಡಿಸಬಹುದು? ಐದನ್ನೂ ಒಂದೇ ತಟ್ಟೆಗೆ ಹಾಕಬಹುದು. ನಾಲ್ಕು ಮತ್ತು ಒಂದು. ಮೂರು ಮತ್ತು ಎರಡು. ಮೂರು, ಒಂದು, ಒಂದು. ಎರಡು, ಎರಡು, ಒಂದು. ಎರಡು, ಒಂದು, ಒಂದು, ಒಂದು. ಕೊನೆಗೆ ತಟ್ಟೆಗೊಂದರಂತೆ ಐದು ತಟ್ಟೆ. ಒಟ್ಟು ಏಳು ವಿಧ. ಇಡ್ಲಿ ಹತ್ತಾದರೆ 42 ವಿಧ. ನೂರಾದರೆ 19 ಕೋಟಿ 5 ಲಕ್ಷ 69 ಸಾವಿರದ 292! ಈ ಎಣಿಕೆ ಹೇಗೆ ಬೆಳೆಯುವುದೆಂಬುದಕ್ಕೆ ನಮ್ಮ ಶ್ರೀನಿವಾಸ ರಾಮಾನುಜನ್ನರು ಹಾರ್ಡಿಯವರೊಡನೆ 1918ರಲ್ಲಿ ಅದ್ಭುತವಾದ ಸೂತ್ರವನ್ನು ಕೊಟ್ಟಿದ್ದರು. ಕೊಠಾರಿ ಮತ್ತು ಔಲುಕ್ ಅವರು ಕಂಡುದೇನೆಂದರೆ, ಒಂದು ಗುರುತಿನಿಂದ ಇನ್ನೊಂದನ್ನು ಬೇರ್ಪಡಿಸಲಾಗದ ಕಣಗಳ ಗುಂಪಿಗೆ ಶಕ್ತಿಯ ತುಣುಕುಗಳನ್ನು ಹಂಚುವುದೂ ಇದೇ ಎಣಿಕೆ ಎಂಬುದು. ತುಣುಕು ಇಡ್ಲಿ, ಕಣ ತಟ್ಟೆ. ಆದುದರಿಂದ ಅನಿಲದ ಉಷ್ಣವನ್ನು ಲೆಕ್ಕಹಾಕುವ ವಿಧಾನದಿಂದಲೇ ರಾಮಾನುಜನ್ನರ ಎಣಿಕೆಯ ಕಡೆಗೆ ಹೋಗಬಹುದು. ಕುಂಭಕೋಣದ ಗುಮಾಸ್ತನ ಮಗನ ಗಣಿತವನ್ನು ಉದಯಪುರದ ಮೇಷ್ಟರ ಮಗನು ಶ್ವೇತಕುಬ್ಜಗಳ ಭೌತವಿಜ್ಞಾನದೊಡನೆ ಸೇರಿಸಿದಂತಾಯಿತು.

ಇಲ್ಲಿಗೆ ಅವರ ಜೀವನದ ಅತ್ಯಂತ ಸೊಗಸಾದ ಭಾಗ ಮುಗಿಯಿತೆಂದು ನಮ್ಮ ಭಾವನೆ. ಬೇರೆಯವರು ಒಪ್ಪಲಿಕ್ಕಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅವರನ್ನು ರಕ್ಷಣಾ ಮಂತ್ರಾಲಯದ ವೈಜ್ಞಾನಿಕ ಸಲಹೆಗಾರರನ್ನಾಗಿ ನೇಮಿಸಲಾಯಿತು. ಇರುವೆಯನ್ನೂ ತುಳಿಯಬಾರದೆಂಬ ಧರ್ಮದಲ್ಲಿ ಬೆಳೆದವರಿಗೆ ಸೈನ್ಯದ ಕೆಲಸ! 1961ರ ವರೆಗೆ ಹದಿಮೂರು ವರ್ಷ ಅವರು ಅಲ್ಲಿದ್ದರು; ವಿಶ್ವವಿದ್ಯಾಲಯದ ಪ್ರಾಧ್ಯಾಪಕತ್ವವನ್ನೂ ಬಿಡಲಿಲ್ಲ. ಅವರು ಕಟ್ಟಿದ ರಕ್ಷಣಾ ವಿಜ್ಞಾನ ಸಂಸ್ಥೆಯೇ 1958ರಲ್ಲಿ ಇತರ ಘಟಕಗಳೊಡನೆ ಕೂಡಿ ಇಂದಿನ ರಕ್ಷಣಾ ಸಂಶೋಧನಾ ಸಂಸ್ಥೆಯಾಯಿತು. ಬೆಂಗಳೂರಿನಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ ವರ್ಗವಾಗುತ್ತಿರುವ ನಮ್ಮ ಎಷ್ಟೋ ಕನ್ನಡ ಕುಟುಂಬಗಳ ಅನ್ನದ ದಾರಿ ಅದು. ಆ ಅವಧಿಯಲ್ಲಿಯೇ, ಜಲಜನಕ ಬಾಂಬಿನ ಪರೀಕ್ಷೆಗಳಿಂದ ಜಗತ್ತು ನಡುಗುತ್ತಿದ್ದಾಗ, ಪಂಡಿತ ನೆಹರೂ ಅವರ ಅಪೇಕ್ಷೆಯಂತೆ ಕೊಠಾರಿಯವರು ಭಾಭಾ ಮೊದಲಾದವರ ಸಹಕಾರದಿಂದ ಅಣ್ವಸ್ತ್ರ ಸ್ಫೋಟಗಳ ಪರಿಣಾಮಗಳನ್ನು ಕುರಿತು ಗ್ರಂಥವೊಂದನ್ನು ಸಿದ್ಧಪಡಿಸಿದರು. ಅದು 1956ರಲ್ಲಿ ಹೊರಬಂದಿತು. ಸೈನ್ಯದ ಸಲಹೆಗಾರನೇ ಬಾಂಬಿನ ವಿರುದ್ಧದ ಲೆಕ್ಕವನ್ನು ಬರೆದುದು ಗಮನಾರ್ಹ.

1961ರಿಂದ 1973ರ ವರೆಗೆ ಅವರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧ್ಯಕ್ಷರು. ಈ ಅವಧಿಯಲ್ಲಿ ಕೇಂದ್ರದ ಶಿಕ್ಷಣ ಮಂತ್ರಿಗಳಾಗಿ ಬಂದವರಲ್ಲಿ, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದಿದ್ದ ಡಾ॥ ವಿ. ಕೆ. ಆರ್. ವಿ. ರಾವ್ ಅವರೂ ಒಬ್ಬರು. ಅವರು ಅದಕ್ಕೆ ಮೊದಲು ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 1964ರ ಜುಲೈಯಲ್ಲಿ ಕೇಂದ್ರ ಸರಕಾರವು ಶಿಕ್ಷಣ ಆಯೋಗವನ್ನು ನೇಮಿಸಿ ಕೊಠಾರಿಯವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಅದರ ಸದಸ್ಯ ಕಾರ್ಯದರ್ಶಿಗಳು ಜೆ. ಪಿ. ನಾಯಕ್. ಕೊಲ್ಲಾಪುರದ ಕಡೆಯ ಇವರು ಸ್ವಾತಂತ್ರ್ಯ ಹೋರಾಟದಲ್ಲಿ ಬಳ್ಳಾರಿಯ ಜೈಲಿನಲ್ಲಿದ್ದು ಕನ್ನಡ ಕಲಿತವರು. ಬಿಡುಗಡೆಯಾದ ಮೇಲೆ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ನಿಂತು ಹಳ್ಳಿಯ ಕೆಲಸ ಮಾಡಿದವರು. ನಮ್ಮ ನಾಡಿನ ಬಡ ಶಾಲೆಗಳನ್ನು ಕಣ್ಣಾರೆ ಕಂಡವರೊಬ್ಬರು ಆ ವರದಿಯ ಲೇಖನಿಯ ಬಳಿ ಇದ್ದರೆಂಬುದನ್ನು ಕನ್ನಡಿಗರು ನೆನೆಯಬೇಕು.

1966ರ ಜೂನ್ 29ರಂದು ಒಪ್ಪಿಸಿದ ಆ ವರದಿಯು ಬಹಳ ದೊಡ್ಡದು. ಹತ್ತು ವರ್ಷ ಶಾಲೆ, ಎರಡು ವರ್ಷ ಮೇಲಿನ ತರಗತಿ, ಮೂರು ವರ್ಷ ಪದವಿ ಎಂಬ ಮಾದರಿ ಅದರಿಂದ ಹರಡಿತು. ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರು ಪಾಲನ್ನು ವಿದ್ಯೆಗೆ ತೆಗೆದಿಡಬೇಕೆಂದು ಅದು ಹೇಳಿತು. ಇಂದಿಗೂ ಆ ಆರನ್ನು ನಾವು ಮುಟ್ಟಿಲ್ಲ. ಕಾಲೇಜುಗಳಲ್ಲಿಯೂ ಪ್ರಾಂತದ ಭಾಷೆಯೇ ಬೋಧನೆಯ ಭಾಷೆಯಾಗಬೇಕೆಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬೀದಿಯ ಮಕ್ಕಳೆಲ್ಲ, ಸೇಟನ ಮಗನೂ ಕ್ಲೀನರನ ಮಗನೂ, ಒಂದೇ ಶಾಲೆಯಲ್ಲಿ ಓದುವ ವ್ಯವಸ್ಥೆ ಬರಬೇಕೆಂದು ಸೂಚಿಸಿತು. ಈ ಸೂಚನೆಯನ್ನು ಎಲ್ಲರೂ ಹೊಗಳಿದರು, ಯಾರೂ ನಡೆಸಲಿಲ್ಲ. ಹೊಗಳಿದವರ ಮಕ್ಕಳು ಯಾವ ಶಾಲೆಗೆ ಹೋದರೆಂಬುದನ್ನು ವಿಚಾರಿಸಿದರೆ ಕಾರಣ ತಿಳಿದೀತು. ಹತ್ತು-ಎರಡು-ಮೂರು ಎಂಬ ಅಂಕಿಗಳನ್ನು ಉಳಿಸಿಕೊಂಡು ಅದರ ಜೀವವನ್ನು ಬಿಟ್ಟರೆಂದು ಹೇಳಲು ನಮಗೆ ಸಂಕೋಚವಿಲ್ಲ.

ಆದರೆ ಅವರ ಇನ್ನೊಂದು ಕೆಲಸವು ಕಾರ್ಯರೂಪಕ್ಕೆ ಬಂದಿತು. ಅದು ಈ ಪತ್ರಿಕೆಯ ಓದುಗರಿಗೆ ನೇರವಾಗಿ ಸಂಬಂಧಿಸಿದುದು. 1974ರಲ್ಲಿ ಕೇಂದ್ರ ಲೋಕಸೇವಾ ಆಯೋಗವು ತನ್ನ ಪರೀಕ್ಷಾ ವಿಧಾನವನ್ನು ಪರಿಶೀಲಿಸಲು ಕೊಠಾರಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಕಲೆಕ್ಟರರನ್ನು ಆರಿಸುವ ಈ ದೊಡ್ಡ ಪರೀಕ್ಷೆಯನ್ನು ಅದುವರೆಗೆ ಬಹುಪಾಲು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿದ್ದಿತು. ಜಿಲ್ಲೆಯ ಹುಡುಗನೊಬ್ಬನು ಎಷ್ಟೇ ಬುದ್ಧಿವಂತನಾದರೂ, ಪಟ್ಟಣದ ಕಾನ್ವೆಂಟಿನಲ್ಲಿ ಓದಿದವನ ಮುಂದೆ ಭಾಷೆಯ ಕಾರಣದಿಂದಲೇ ಹಿಂದೆ ಬೀಳುತ್ತಿದ್ದನು. ಸಮಿತಿಯು 1976ರಲ್ಲಿ ವರದಿ ಕೊಟ್ಟಿತು. ಮೊದಲು ಪ್ರಾಥಮಿಕ ಪರೀಕ್ಷೆ, ತರುವಾಯ ಸಂದರ್ಶನವೂ ಸೇರಿದ ಮುಖ್ಯ ಪರೀಕ್ಷೆ ಎಂಬ ಹಂತಗಳನ್ನು ಅದು ಸೂಚಿಸಿತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮುಖ್ಯ ಪರೀಕ್ಷೆಯ ಉತ್ತರ ಬರೆಯಬಹುದೆಂಬ ವ್ಯವಸ್ಥೆ 1979ರಿಂದ ಜಾರಿಗೆ ಬಂದಿತು. ಕನ್ನಡವೂ ಅದರಲ್ಲಿ ಸೇರಿತು. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲಿಯೇ ಉತ್ತರ ಬರೆದು ಅಧಿಕಾರಿಗಳಾದವರು ಇಂದು ನಮ್ಮ ನಡುವೆ ಇದ್ದಾರೆ.

ಗೋಡೆ ಪೂರ್ತಿ ಬಿದ್ದಿಲ್ಲವೆಂಬುದನ್ನೂ ಹೇಳಬೇಕು. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಾದರೂ ಆ ಪರೀಕ್ಷೆಯ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿಯೇ ಬರುತ್ತವೆ. ಪ್ರಶ್ನೆಯನ್ನು ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಉತ್ತರವನ್ನು ಇನ್ನೊಂದರಲ್ಲಿ ಬರೆಯುವ ಪ್ರಯಾಸವನ್ನು ಪಟ್ಟವರೇ ಬಲ್ಲರು. ಇನ್ನು ಗುಮಾಸ್ತರು ಮತ್ತು ಕೆಳದರ್ಜೆಯ ನೌಕರರನ್ನು ಆರಿಸುವ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಗಳಿಗೆ ಕನ್ನಡ ಬಂದುದು 2023ರಲ್ಲಿ. ಕಲೆಕ್ಟರನಾಗುವವನು ಕನ್ನಡದಲ್ಲಿ ಬರೆಯಬಹುದಾಗಿದ್ದ ನಲವತ್ತನಾಲ್ಕು ವರ್ಷ, ಅವನ ಕಚೇರಿಯ ಗುಮಾಸ್ತನಾಗುವವನಿಗೆ ಆ ಅವಕಾಶವಿರಲಿಲ್ಲ! ನಮ್ಮ ಹೋಟೆಲುಗಳಲ್ಲಿ ರಾತ್ರಿ ಹನ್ನೊಂದರ ತನಕ ದುಡಿದು ಆಮೇಲೆ ಈ ಪರೀಕ್ಷೆಗಳಿಗೆ ಓದುತ್ತಿದ್ದ ಎಷ್ಟೋ ಹುಡುಗರು ಇಂಗ್ಲಿಷು ಹಿಂದಿಗಳ ನಡುವೆ ಸಿಕ್ಕಿ ಸೋತುದನ್ನು ನಾವು ಗಲ್ಲಾದಲ್ಲಿ ಕುಳಿತು ನೋಡಿದ್ದೇವೆ. ಈಗ ಓದುತ್ತಿರುವವರು ಅರ್ಜಿಯಲ್ಲಿ ಭಾಷೆಯ ಸ್ಥಳವನ್ನು ಭರ್ತಿಮಾಡುವಾಗ ಕನ್ನಡವೂ ಇರುವುದನ್ನು ಮರೆಯಬಾರದು.

ಸರಕಾರವು ಅವರಿಗೆ 1962ರಲ್ಲಿ ಪದ್ಮಭೂಷಣವನ್ನೂ 1973ರಲ್ಲಿ ಪದ್ಮವಿಭೂಷಣವನ್ನೂ ಕೊ‌ಟ್ಟಿತು. ವೃದ್ಧಾಪ್ಯದಲ್ಲಿ ಅವರ ಮನಸ್ಸು ವಿಜ್ಞಾನ ಮತ್ತು ಧರ್ಮಗಳ ನಡುವಿನ ಸಂಬಂಧದ ಕಡೆಗೆ ತಿರುಗಿತು. ಎಲೆಕ್ಟ್ರಾನು ಕಣವೂ ಹೌದು, ಅಲೆಯೂ ಹೌದು ಎಂಬ ನೀಲ್ಸ್ ಬೋರ್ ಅವರ ತತ್ತ್ವಕ್ಕೂ, ಒಂದು ವಸ್ತುವನ್ನು ಒಂದೇ ದೃಷ್ಟಿಯಿಂದ ನೋಡಿ ತೀರ್ಮಾನಿಸಬಾರದೆಂಬ ಜೈನರ ಸ್ಯಾದ್ವಾದಕ್ಕೂ ಇರುವ ಹೋಲಿಕೆಯನ್ನು ಕುರಿತು ಅವರು 1985ರಲ್ಲಿ ಬರೆದರು. ಸ್ಯಾದ್ವಾದವು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಆದಿಕವಿಗಳು ಆ ಧರ್ಮದ ನೆರಳಿನಲ್ಲಿಯೇ ಬರೆದವರು. ಹೋಲಿಕೆ ಎಷ್ಟು ದೂರ ನಿಲ್ಲುವುದೆಂಬುದನ್ನು ಪಂಡಿತರು ಹೇಳಬೇಕು. ಗೋಡೆಯ ನಡುವಿನ ಕಣದ ಲೆಕ್ಕದಷ್ಟು ಅದು ತಾಳೆ ಬೀಳುವುದಿಲ್ಲವೆಂದು ನಮಗೆ ತೋರುತ್ತದೆ.

ಕೊಠಾರಿಯವರು 1993ರ ಫೆಬ್ರವರಿ 4ರಂದು ಜಯಪುರದಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತಾರು ವರ್ಷ ವಯಸ್ಸು. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ನಿಲಯವೊಂದಕ್ಕೆ ಅವರ ಹೆಸರಿದೆ. ಹಳದಿ ಮಾರ್ಗದ ಮೆಟ್ರೋದಲ್ಲಿ ವಿಶ್ವವಿದ್ಯಾಲಯ ನಿಲ್ದಾಣದಲ್ಲಿಳಿದು ಯಾವ ರಿಕ್ಷಾದವನನ್ನು ಕೇಳಿದರೂ ಕೊಠಾರಿ ಹಾಸ್ಟೆಲು ಎಲ್ಲಿದೆಯೆಂದು ತೋರಿಸುತ್ತಾನೆ.